ಮರುವಾಯಿ ತಿಂದು ಮಗು ಆಸ್ಪತ್ರೆ ಸೇರಿತು: ಇದನ್ನು ಪರೀಕ್ಷಿಸುವವರು ಯಾರಾದರೂ ಇದ್ದಾರೆಯೇ?

ಪ್ರಶ್ನೆ: ತರೀಕೆರೆಯ ಮಗಳು

ನಾನು ತರೀಕೆರೆ ಕಡೆಯವಳು. ಮದುವೆಯಾಗಿ ಉಡುಪಿ ಕರಾವಳಿಯ ಹಂಗಾರಕಟ್ಟೆಗೆ ಬಂದು ಒಂಬತ್ತು ವರ್ಷವಾಯಿತು. ಅಳಿವೆಯ ಕೆಸರಿನಲ್ಲಿ ಸಿಗುವ ಮರುವಾಯಿ ಎಂಬ ಚಿಪ್ಪುಜೀವಿಯ ಹೆಸರು ಕೇಳಿದ್ದೇ ಇಲ್ಲಿಗೆ ಬಂದ ಮೇಲೆ. ಈಗ ಮರುವಾಯಿ ಪುಂಡಿ ಎಂದರೆ ನನಗೂ ನನ್ನ ಮಗನಿಗೂ ಹಬ್ಬದೂಟ.

ಎರಡು ಭಾನುವಾರಗಳ ಹಿಂದೆ, ಮನೆ ಬಾಗಿಲಿಗೆ ಬುಟ್ಟಿ ಹೊತ್ತು ಬರುವ ಅಕ್ಕನಿಂದ ಇನ್ನೂರು ಮರುವಾಯಿ ಕೊಂಡೆವು. ಅತ್ತೆ ಎಂದಿನಂತೆ ಉಪ್ಪುನೀರಿನಲ್ಲಿ ಎರಡು ಗಂಟೆ ನೆನೆಹಾಕಿ ಮರಳು ಬಿಡಿಸಿದರು. ಕುದಿಯುವ ನೀರಿಗೆ ಹಾಕಿ, ಬಾಯಿ ಬಿಟ್ಟ ಕೂಡಲೇ ಬಸಿದು, ಒಂದೊಂದು ಚಿಪ್ಪು ಕಿತ್ತು, ಮಸಾಲೆ ಕುದಿದ ಮೇಲೆ ಕೊನೆಯಲ್ಲಿ ಸೇರಿಸಿ ಇಳಿಸಿದರು. ಹೆಚ್ಚು ಹೊತ್ತು ಬೆಂದರೆ ಮಾಂಸ ರಬ್ಬರಿನಂತಾಗುತ್ತದೆ ಎನ್ನುವುದು ಅವರ ಅನುಭವ. ಮಧ್ಯಾಹ್ನ ಐದು ಜನ ಉಂಡೆವು.

ಆ ರಾತ್ರಿ ಎರಡು ಗಂಟೆಗೆ ಮಗನಿಗೆ ವಾಂತಿ ಶುರುವಾಯಿತು. ಏಳು ವರ್ಷದ ಹುಡುಗ. ಬೆಳಕು ಹರಿಯುವಷ್ಟರಲ್ಲಿ ಮಾವನಿಗೂ ವಾಂತಿ, ಭೇದಿ. ಇಬ್ಬರಿಗೂ ಎರಡು ದಿನ ಡ್ರಿಪ್ ಹಾಕಬೇಕಾಯಿತು. ಮಗನ ಕೈಯಲ್ಲಿ ನರ ಸಿಗದೆ ಮೂರು ಕಡೆ ಚುಚ್ಚಿದರು. ಅಳುವುದಕ್ಕೂ ಅವನಲ್ಲಿ ಶಕ್ತಿ ಇರಲಿಲ್ಲ. ವೈದ್ಯರು ಏನು ತಿಂದಿರಿ ಎಂದು ಕೇಳಿ, "ಮರುವಾಯಿ ಇರಬಹುದು" ಎಂದರು. ಮಾತು ಅಲ್ಲಿಗೇ ನಿಂತಿತು. ಎಲ್ಲಿಂದ ಬಂದ ಮರುವಾಯಿ, ಇನ್ನು ಯಾರಿಗೆ ಹೀಗಾಗಿದೆ ಎಂದು ಯಾರೂ ವಿಚಾರಿಸಲಿಲ್ಲ. ಮನೆಗೆ ಬಂದ ಮೇಲೆ ನಾನೇ ಕೇಳಿದೆ. ಅದೇ ಬುಟ್ಟಿಯಿಂದ ಕೊಂಡ ಪಕ್ಕದ ಎರಡು ಮನೆಗಳಲ್ಲಿ ಒಂದರಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಇನ್ನೊಂದರಲ್ಲಿ ಅಜ್ಜಿ ಮಲಗಿಬಿಟ್ಟಿದ್ದರು. "ಬಿಸಿಲಿನ ಝಳಕ್ಕೆ ಹಾಗಾಗಿದೆ" ಎಂದು ಅವರು ಸುಮ್ಮನಿದ್ದರು.

ಹಾಲಿನ ಪ್ಯಾಕೆಟ್ ಮೇಲೆ ತಾರೀಖು ಇರುತ್ತದೆ, ಪರವಾನಗಿ ಸಂಖ್ಯೆ ಇರುತ್ತದೆ. ಮರುವಾಯಿಯನ್ನು ನೋಡುವ ಇಲಾಖೆ ಯಾವುದು? ನಾನು ಯಾರಿಗೆ ತಿಳಿಸಬೇಕು? ತಿಳಿಸಿದರೆ ಆ ಅಕ್ಕನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂದು ನನ್ನ ಗಂಡ ಬೇಡವೆನ್ನುತ್ತಿದ್ದಾರೆ. ನನಗೂ ಆ ಸಂಕಟವಿದೆ. ನಾನು ಬಾಣಂತಿಯಾಗಿದ್ದಾಗ ಮುಳ್ಳಿಲ್ಲದ ಮೀನನ್ನೇ ಆರಿಸಿ ತಂದುಕೊಟ್ಟವರು ಅವರು. ಆದರೆ ಸುಮ್ಮನಿರುವುದೂ ಸರಿ ಕಾಣುತ್ತಿಲ್ಲ.

ಉತ್ತರ: ಕೋಡಿ ಕಡಲು

ಮಗ ಈಗ ಹೇಗಿದ್ದಾನೆ ಅಕ್ಕ? ನಾನು ಹುಟ್ಟಿದಾಗಿನಿಂದ ಮರುವಾಯಿ ತಿಂದು ಬೆಳೆದವನು. ಕೊಳ್ಳುವಾಗಲೇ ನೋಡಬೇಕು. ಒಂದಕ್ಕೊಂದು ತಟ್ಟಿದರೆ ಗಟ್ಟಿ ಕಲ್ಲಿನ ಸದ್ದು ಬರಬೇಕು, ಟೊಳ್ಳು ಸದ್ದು ಬಂದರೆ ಒಳಗೆ ಸತ್ತಿದೆ ಅಥವಾ ಕೆಸರು ತುಂಬಿದೆ. ಬೇಯಿಸುವ ಮೊದಲೇ ಬಾಯಿ ತೆರೆದಿದ್ದು, ಮುಟ್ಟಿದರೂ ಮುಚ್ಚಿಕೊಳ್ಳದಿದ್ದರೆ ಎಸೆಯಿರಿ. ಬೇಯಿಸಿದ ಮೇಲೆ ತೆರೆಯದಿದ್ದರೆ ಅದನ್ನೂ ಎಸೆಯಿರಿ. ಅಪ್ಪ, ಅಜ್ಜ ಎಲ್ಲರೂ ಇದನ್ನೇ ಪಾಲಿಸಿದವರು. ಚೆನ್ನಾಗಿ ಬೇಯಿಸಿದ ಮೇಲೆ ಯಾವ ವಿಷವೂ ಉಳಿಯುವುದಿಲ್ಲ, ಧೈರ್ಯವಾಗಿರಿ.

ಉತ್ತರ: ಗಾಜಿನ ನಳಿಕೆ

ತಂಗಿ, ಮಗ ಚೇತರಿಸಿಕೊಂಡಿದ್ದಾನೆ ಎಂದುಕೊಂಡಿದ್ದೇನೆ. ರಫ್ತಾಗುವ ಮೀನಿನ ಮಾದರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಕೋಡಿಯ ತಮ್ಮ ಹೇಳಿದ ಗುರುತುಗಳೆಲ್ಲ ಸರಿ, ಅವನ್ನು ಬಿಡಬೇಡಿ. ಆದರೆ ಕೊನೆಯ ವಾಕ್ಯವನ್ನು ನಾನು ಹಾಗೆಯೇ ಬಿಡಲಾರೆ. ಬೇಯಿಸಿದರೆ ಸಾಯುವುದು ರೋಗಾಣು. ಬೇಯಿಸಿದರೂ ಸಾಯದ ವಿಷ ಬೇರೆಯೇ ಇದೆ. ಇವೆರಡನ್ನೂ ಒಂದೇ ಎಂದು ತಿಳಿದಿರುವುದೇ ನಮ್ಮ ಕರಾವಳಿಯ ದೊಡ್ಡ ಅಪಾಯ.

ಮರುವಾಯಿ ಬೇಟೆಯಾಡಿ ತಿನ್ನುವ ಜೀವಿಯಲ್ಲ. ಕೆಸರಿನಲ್ಲಿ ಹುದುಗಿ ಕುಳಿತು ನೀರನ್ನು ಒಳಗೆಳೆದುಕೊಂಡು, ಕಿವಿರಿನಲ್ಲಿ ಸೋಸಿ, ಸಿಕ್ಕಿದ್ದನ್ನು ಹೊಟ್ಟೆಗೆ ಕಳಿಸುತ್ತದೆ. ಅದರ ದಾಯಾದಿಯಾದ ಸಿಂಪಿ, ಅಂದರೆ ಉತ್ತರ ಕನ್ನಡದವರು ಕಲ್ಗ ಎನ್ನುವ ಜೀವಿ, ಅನುಕೂಲವಾದ ನೀರಿನಲ್ಲಿ ದಿನಕ್ಕೆ 190 ಲೀಟರಿನವರೆಗೂ ಸೋಸಬಲ್ಲದು. ನೀರಿನಲ್ಲಿ ಪಾಚಿ ಇದ್ದರೆ ಪಾಚಿ, ಊರಿನ ಕೊಳಚೆ ಇದ್ದರೆ ಕೊಳಚೆ. ಮೀನನ್ನು ನಾವು ಹೊಟ್ಟೆ ಸೀಳಿ ಕರುಳು ತೆಗೆದು ತಿನ್ನುತ್ತೇವೆ. ಮರುವಾಯಿಯನ್ನು ಕರುಳಿನ ಸಮೇತ ಇಡಿಯಾಗಿ ತಿನ್ನುತ್ತೇವೆ. ಆದ್ದರಿಂದಲೇ ಜಗತ್ತಿನ ಎಷ್ಟೋ ದೇಶಗಳು ಮೀನಿಗೆ ಒಂದು ಕಾನೂನು, ಚಿಪ್ಪುಜೀವಿಗಳಿಗೆ ಇನ್ನೊಂದು ಕಾನೂನು ಮಾಡಿಕೊಂಡಿವೆ.

ಮೊದಲು ರೋಗಾಣುವಿನ ಮಾತು. ನಿಮ್ಮ ಮನೆಯಲ್ಲಿ ಆದದ್ದು, ನೀವು ಬರೆದ ಹೊತ್ತು ನೋಡಿದರೆ, ಈ ಜಾತಿಯದ್ದು. ಬೆಚ್ಚನೆಯ ಉಪ್ಪುನೀರಿನಲ್ಲಿ ತಾನಾಗಿಯೇ ಬೆಳೆಯುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾಗಳಿವೆ. ಬೇಸಿಗೆಯಲ್ಲಿ ಅವು ಹೆಚ್ಚು. ಚರಂಡಿಯ ಮೂಲಕ ಬರುವ ರೋಗಾಣುಗಳು ಬೇರೆ. ಬಾಯಿ ಬಿಟ್ಟ ಕೂಡಲೇ ಇಳಿಸಿದರೆ ಚಿಪ್ಪು ತೆರೆದಿರುತ್ತದೆ, ಒಳಗಿನ ಮಾಂಸ ಮಾತ್ರ ಪೂರ್ತಿ ಬೆಂದಿರುವುದಿಲ್ಲ. 1988ರ ಆರಂಭದಲ್ಲಿ ಚೀನಾದ ಶಾಂಘೈ ನಗರದಲ್ಲಿ ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ ಎ ಕಾಮಾಲೆ ಬಂತು. ಕೊಳಚೆ ಸೇರಿದ ನೀರಿನಲ್ಲಿ ಬೆಳೆದ ಒಂದು ಬಗೆಯ ಚಿಪ್ಪುಜೀವಿಯನ್ನು ಅವರು ಕುದಿನೀರಿನಲ್ಲಿ ಅದ್ದಿ ತೆಗೆದು ತಿಂದಿದ್ದರು. ಆ ವೈರಸ್ಸನ್ನು ಕೊಲ್ಲಲು ಮಾಂಸದ ನಡುಭಾಗ 90 ಡಿಗ್ರಿಯಲ್ಲಿ 90 ಸೆಕೆಂಡ್ ಇರಬೇಕೆಂಬುದು ಯುರೋಪಿನ ಕಾರ್ಖಾನೆಗಳು ಪಾಲಿಸುವ ಲೆಕ್ಕ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಬಾಯಿ ಬಿಟ್ಟ ಮೇಲೆ ಇನ್ನೂ ನಾಲ್ಕೈದು ನಿಮಿಷ ಕುದಿಸಲು ಹೇಳಿ. ಮಾಂಸ ಸ್ವಲ್ಪ ಗಟ್ಟಿಯಾಗುತ್ತದೆ, ಆಗಲಿ. ಉಪ್ಪುನೀರಿನಲ್ಲಿ ನೆನೆಹಾಕಿದರೆ ಮರಳು ಹೋಗುತ್ತದೆ, ರೋಗಾಣು ಹೋಗುವುದಿಲ್ಲ. ವಿದೇಶಗಳಲ್ಲಿ ಶುದ್ಧೀಕರಣದ ತೊಟ್ಟಿಗಳಿವೆ. ಅಲ್ಲಿ ಅತಿನೇರಳೆ ಬೆಳಕಿನಲ್ಲಿ ಶುದ್ಧ ಮಾಡಿದ ಸಮುದ್ರದ ನೀರನ್ನು ಸತತ ಹರಿಸಿ, ಬ್ರಿಟನ್ನಿನಲ್ಲಾದರೆ 42 ಗಂಟೆ, ಚಿಪ್ಪುಗಳನ್ನು ಇಡುತ್ತಾರೆ.

ನಾವು ಪ್ರಯೋಗಾಲಯದಲ್ಲಿ ಮಾಡುತ್ತಿದ್ದುದು ಇಷ್ಟು. ಚಿಪ್ಪನ್ನು ಚಾಕುವಿನಿಂದ ಬಿಡಿಸಿ, ಮಾಂಸ ಮತ್ತು ಒಳಗಿನ ನೀರು ಎರಡನ್ನೂ ಅರೆದು, ತೆಳು ಮಾಡಿ, ಸಾಲಾಗಿ ನಿಂತ ಗಾಜಿನ ನಳಿಕೆಗಳಿಗೆ ಹಾಕುವುದು. ಪ್ರತಿ ನಳಿಕೆಯೊಳಗೂ ತಲೆಕೆಳಗಾಗಿ ಮುಳುಗಿರುವ ಇನ್ನೊಂದು ಪುಟ್ಟ ನಳಿಕೆ. ಅವನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ರಸ ಕದಡಿ, ಪುಟ್ಟ ನಳಿಕೆಯ ತುದಿಯಲ್ಲಿ ಒಂದು ಗುಳ್ಳೆ ನಿಂತಿದ್ದರೆ, ಅಲ್ಲಿ ಮನುಷ್ಯನ ಅಥವಾ ದನಕರುಗಳ ಮಲದ ಗುರುತು ಇದೆಯೆಂದು ಅನುಮಾನಪಟ್ಟು ಮುಂದಿನ ಪರೀಕ್ಷೆಗೆ ಹೋಗುತ್ತಿದ್ದೆವು. ಎಷ್ಟು ನಳಿಕೆಯಲ್ಲಿ ಗುಳ್ಳೆ ಎಂದು ಎಣಿಸಿ, ಕೋಷ್ಟಕ ನೋಡಿ, ಲೆಕ್ಕ ಬರೆಯುವುದು. ಯುರೋಪಿನ ನಿಯಮದಲ್ಲಿ 100 ಗ್ರಾಂ ಮಾಂಸದಲ್ಲಿ ಮಲದ ಗುರುತಾದ ಇ-ಕೋಲಿ ಬ್ಯಾಕ್ಟೀರಿಯಾ 230ರ ಒಳಗಿರುವ ನೀರು 'ಎ' ವರ್ಗ. ಹತ್ತರಲ್ಲಿ ಎಂಟು ಮಾದರಿಗಳಾದರೂ ಹೀಗಿರಬೇಕು, ಒಂದೂ 700 ದಾಟಬಾರದು. ಆ ಜಾಗದ ಚಿಪ್ಪನ್ನು ನೇರವಾಗಿ ಮಾರಬಹುದು. 4,600ರವರೆಗಿನದು 'ಬಿ', ಅದನ್ನು ತೊಟ್ಟಿಯಲ್ಲಿ ಶುದ್ಧ ಮಾಡಿ, ಶುದ್ಧ ನೀರಿಗೆ ಒಯ್ದು ಬಿಟ್ಟು ಇಲ್ಲವೇ ಬೇಯಿಸಿ ಮಾರಬೇಕು. 46,000ದವರೆಗಿನದು 'ಸಿ', ಶುದ್ಧ ನೀರಿಗೆ ಒಯ್ದು ಕನಿಷ್ಠ ಎರಡು ತಿಂಗಳು ಬಿಡಬೇಕು, ಇಲ್ಲವೇ ಕಾರ್ಖಾನೆಯಲ್ಲಿ ಬೇಯಿಸಬೇಕು. ಇಲ್ಲಿ ಒಂದು ಮಾತು ಗಮನಿಸಿ. ಅಲ್ಲಿ ದರ್ಜೆ ಕೊಡುವುದು ಬುಟ್ಟಿಗಲ್ಲ, ನೀರಿಗೆ.

ಇನ್ನು ವಿಷ. ಕೆಲವು ಸೂಕ್ಷ್ಮ ಪಾಚಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ. ಅವು ಸಮುದ್ರದಲ್ಲಿ ಒಮ್ಮೆಲೇ ಹೆಚ್ಚಿದಾಗ ಚಿಪ್ಪುಜೀವಿಗಳು ತಿಂದು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಚಿಪ್ಪಿಗೆ ಏನೂ ಆಗುವುದಿಲ್ಲ. ವಾಸನೆ ಬದಲಾಗುವುದಿಲ್ಲ, ತಟ್ಟಿದರೆ ಗಟ್ಟಿ ಸದ್ದೇ ಬರುತ್ತದೆ, ಬೇಯಿಸಿದರೆ ಬಾಯಿ ಬಿಡುತ್ತದೆ. ತಿಂದವರಿಗೆ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಿಗೆ ಜುಮ್ಮೆನ್ನುತ್ತದೆ, ಬೆರಳು ಮರಗಟ್ಟುತ್ತದೆ, ಮಾತು ತೊದಲುತ್ತದೆ. ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಇದಕ್ಕೆ ಮದ್ದಿಲ್ಲ, ವಿಷ ಮೈಯಿಂದ ಇಳಿಯುವವರೆಗೆ ಯಂತ್ರದಿಂದ ಉಸಿರಾಡಿಸಿದರೆ ಜೀವ ಉಳಿಯುತ್ತದೆ. ಹಾಗಾಗಿ ತುಟಿ ಜುಮ್ಮೆಂದರೆ ಮಜ್ಜಿಗೆ ಕುಡಿದು ಕಾಯಬೇಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ.

ಇದು ಎಲ್ಲಿಯೋ ದೂರದ ಕಥೆಯಲ್ಲ. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆಯ ಅಳಿವೆಯ ಮರುವಾಯಿ ತಿಂದು ಜನ ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳೇ ಅದನ್ನು ಅಧ್ಯಯನ ಮಾಡಿ ಇದೇ ವಿಷವೆಂದು ದಾಖಲಿಸಿದರು. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಞಂನಲ್ಲಿ ಬಂಡೆಗೆ ಅಂಟಿ ಬೆಳೆಯುವ ಕಂದು ಚಿಪ್ಪುಜೀವಿಯನ್ನು ತಿಂದವರಲ್ಲಿ 7 ಮಂದಿ ಸತ್ತರು, 500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅವರೂ ಬೇಯಿಸಿಯೇ ತಿಂದವರು.

ಬೇಯಿಸಿದರೆ ಹೋಗುವುದಿಲ್ಲ ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ತರಬೇತಿಗೆಂದು ಕೊಚ್ಚಿಗೆ ಕಳಿಸಿದ್ದಾಗ ಆ ಪರೀಕ್ಷೆಯನ್ನು ಕಣ್ಣಾರೆ ಕಂಡೆ. 100 ಗ್ರಾಂ ಅರೆದ ಮಾಂಸಕ್ಕೆ ಅಷ್ಟೇ ತೆಳು ಆಮ್ಲ ಬೆರೆಸಿ ಐದು ನಿಮಿಷ ಕುದಿಸಬೇಕು. ಪರೀಕ್ಷೆಯ ಮೊದಲ ಹೆಜ್ಜೆಯೇ ಕುದಿಸುವುದು. ಆರಿಸಿ, ಮೇಲಿನ ತಿಳಿಯನ್ನು ತೆಗೆದು, ಇಪ್ಪತ್ತು ಗ್ರಾಂ ತೂಗುವ ಬಿಳಿ ಇಲಿಯ ಹೊಟ್ಟೆಗೆ ಒಂದು ಮಿಲಿಲೀಟರ್ ಚುಚ್ಚಿ, ಗಡಿಯಾರ ಒತ್ತಿ ಕುಳಿತುಕೊಳ್ಳಬೇಕು. ಎಷ್ಟು ನಿಮಿಷಕ್ಕೆ ಕೊನೆಯುಸಿರು ಎಳೆಯಿತು ಎಂಬುದರಿಂದ ವಿಷದ ಪ್ರಮಾಣ ಲೆಕ್ಕ ಹಾಕುತ್ತಿದ್ದರು. ನಾನು ನೋಡಿದ ಮೊದಲ ಇಲಿ ಆರು ನಿಮಿಷ ಬದುಕಿತ್ತು. ಈಗ ಆ ಕೆಲಸಕ್ಕೆ ಯಂತ್ರಗಳು ಬಂದಿವೆ, ಬಂದದ್ದು ಒಳ್ಳೆಯದಾಯಿತು. ಆ ಆರು ನಿಮಿಷ ನನಗೆ ಇಂದಿಗೂ ನೆನಪಿದೆ.

ಈಗ ನಿಮ್ಮ ನಿಜವಾದ ಪ್ರಶ್ನೆ: ನೋಡುವವರು ಯಾರು? ನಿಯಮ ಕಾಗದದಲ್ಲಿ ಇದೆ. ಚಿಪ್ಪುಜೀವಿಯ ಮಾಂಸದಲ್ಲಿ ಈ ವಿಷ ಕಿಲೋಗೆ 800 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳುತ್ತದೆ. ಹೊರದೇಶಕ್ಕೆ ಹೋಗುವ ಮಾಲಿಗೆ 1963ರ ರಫ್ತು ಗುಣಮಟ್ಟ ಕಾಯ್ದೆ, ಅದರಡಿ ಮೀನಿಗೆಂದೇ 1995ರಲ್ಲಿ ಮಾಡಿದ ನಿಯಮಗಳು, ತಪಾಸಣೆ ಮಾಡುವ ಸಂಸ್ಥೆ ಎಲ್ಲವೂ ಇವೆ. ನನ್ನ ಸಂಬಳ ಬಂದದ್ದೇ ಅದರಿಂದ. ಆದರೆ ನಿಮ್ಮ ಅಂಗಳಕ್ಕೆ ಬರುವ ಬುಟ್ಟಿಗೆ ಅನ್ವಯಿಸುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರ 18ನೇ ಕಲಂನ 3ನೇ ಉಪಕಲಂ ರೈತನಿಗೂ ಮೀನುಗಾರನಿಗೂ ಅವರವರ ಕಸುಬಿನಲ್ಲಿ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ. ಬಡವರನ್ನು ಕಾನೂನಿನ ಕಾಟದಿಂದ ಕಾಪಾಡಲು ಇಟ್ಟ ಕಲಂ, ಅದು ಇರಲೇಬೇಕು. ಆದರೆ ಫಲ ಏನಾಯಿತು ನೋಡಿ. ಬುಟ್ಟಿ ಹೆಕ್ಕಿದವರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಮೇಲೆ ಆಹಾರದ ಕಾನೂನು ಶುರುವಾಗುತ್ತದೆ. ಮರುವಾಯಿಯ ವಿಷಯದಲ್ಲಿ ಆಗಬೇಕಾದ ಕೆಡುಕೆಲ್ಲ ಅದಕ್ಕಿಂತ ಮೊದಲೇ, ನೀರಿನಲ್ಲಿಯೇ, ಆಗಿಹೋಗಿರುತ್ತದೆ. ಒಂದೇ ಅಳಿವೆಯ ಮರುವಾಯಿ ಹೊರದೇಶದ ತಟ್ಟೆಗೆ ಹೋಗುವುದಾದರೆ ನಾನು ನಳಿಕೆ ಹಿಡಿದು ಕಾಯಬೇಕಿತ್ತು. ನಿಮ್ಮ ಮಗನ ತಟ್ಟೆಗೆ ಬರುವುದಾದರೆ ಕಾಯುವವರಿರಲಿಲ್ಲ. ಇಪ್ಪತ್ತಾರು ವರ್ಷ ಇದು ನನ್ನನ್ನು ಕೊರೆದಿದೆ.

ನೀವು ಮಾಡಬಹುದಾದದ್ದು ಇದು. ಉಡುಪಿಯಲ್ಲಿರುವ ಆಹಾರ ಸುರಕ್ಷತಾ ಇಲಾಖೆಯ ಅಂಕಿತಾಧಿಕಾರಿಗೆ, ಅಂದರೆ ಜಿಲ್ಲೆಯಲ್ಲಿ ಈ ಕಾಯ್ದೆ ನೋಡಿಕೊಳ್ಳುವ ಅಧಿಕಾರಿಗೆ, ಲಿಖಿತವಾಗಿ ತಿಳಿಸಿ. ತಾರೀಖು, ತಿಂದ ಹೊತ್ತು, ಕಾಯಿಲೆ ಶುರುವಾದ ಹೊತ್ತು, ಎಷ್ಟು ಜನ, ಮರುವಾಯಿ ಯಾವ ಜಾಗದ್ದು ಎಂದು ಬರೆಯಿರಿ. ಮಾರಿದವರ ಹೆಸರಿಗಿಂತ ಜಾಗ ಮುಖ್ಯ. ವೈದ್ಯರಿಗೂ ಹೇಳಿ, ಆಹಾರದಿಂದಾದ ವಿಷಬಾಧೆಯನ್ನು ವೈದ್ಯರು ವರದಿ ಮಾಡಲೇಬೇಕೆಂದು ಅಧಿಸೂಚನೆ ಹೊರಡಿಸುವ ಅಧಿಕಾರ ಅದೇ ಕಾಯ್ದೆಯ 35ನೇ ಕಲಂನಲ್ಲಿ ಪ್ರಾಧಿಕಾರಕ್ಕಿದೆ. ಅಂಗಡಿಯಲ್ಲಿ ಕೊಂಡದ್ದನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು 40ನೇ ಕಲಂನಲ್ಲಿ ಗ್ರಾಹಕರಿಗೂ ಇದೆ; ಕೊಳ್ಳುವಾಗಲೇ ಅಂಗಡಿಯವರಿಗೆ ಆ ಮಾತು ಹೇಳಿರಬೇಕು, ಅಷ್ಟೆ.

ಉತ್ತರ: ಮಿರ್ಜಾನದ ಮೊಮ್ಮಗಳು

ಗಾಜಿನ ನಳಿಕೆಯವರ ಉತ್ತರ ಓದಿ ಬರೆಯದೆ ಇರಲಾಗಲಿಲ್ಲ. ನನ್ನ ಅಜ್ಜಿಯ ಮನೆ ಮಿರ್ಜಾನ, ಈಗ ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಹತ್ತಿರ. ನೀವು ಮರುವಾಯಿ, ನಾವು ಬಳಚು ಎನ್ನುವುದನ್ನು ಇಲ್ಲಿಯೂ ಇಳಿತದ ಹೊತ್ತಿನಲ್ಲಿ ಕೆಸರು ಬಗೆದು ಹೆಕ್ಕುತ್ತಾರೆ. ಅಜ್ಜಿಯ ಜೊತೆ ಅಘನಾಶಿನಿ ಹೊಳೆಯಲ್ಲಿ ಸೊಂಟದವರೆಗೆ ಇಳಿದು ಕಾಲ್ಬೆರಳಿನಿಂದ ತಡಕಿ ತೆಗೆದವಳಿಗೆ ಇಲ್ಲಿಯ ತೀರ ಕಂಡಾಗ ಕಣ್ಣು ತುಂಬಿ ಬಂದಿತ್ತು.

ಮೊದಲ ವರ್ಷ ಬುಟ್ಟಿ ಹಿಡಿದು ಹೊರಟಾಗ ಪಕ್ಕದ ಮನೆಯ ಹಿರಿಯರು ತಡೆದರು. ಪರವಾನಗಿ ಬೇಕು, ಅದಕ್ಕಿಂತ ಮುಖ್ಯವಾಗಿ ರಾಜ್ಯದ ಆರೋಗ್ಯ ಇಲಾಖೆಯ ನಕ್ಷೆ ನೋಡಬೇಕು ಎಂದರು. ಮೊಬೈಲ್‌ನಲ್ಲಿ ನಕ್ಷೆ ತೆರೆದರೆ ಒಂದೊಂದು ತೀರಕ್ಕೂ ಇವತ್ತು ತೆರೆದಿದೆ, ಇವತ್ತು ಮುಚ್ಚಿದೆ ಎಂಬ ಗುರುತು, ಮುಚ್ಚಿದ್ದರೆ ಪಾಚಿಯ ವಿಷಕ್ಕೋ ಕೊಳಚೆಗೋ ಎಂಬ ಕಾರಣ. ನಾನು ಹೋಗಬೇಕೆಂದಿದ್ದ ತೀರ ಅಂದು ಮುಚ್ಚಿತ್ತು. ಹೋಗಿ ನೋಡಿದೆ. ನೀರು ಕನ್ನಡಿಯಂತೆ ತಿಳಿ. ನಕ್ಷೆ ಇಲ್ಲದಿದ್ದರೆ ಖಂಡಿತ ಇಳಿಯುತ್ತಿದ್ದೆ. ಇಲಾಖೆಯವರು ಅಲ್ಲಲ್ಲಿ ನೀರಿನಲ್ಲಿ ಪಂಜರ ಇಳಿಬಿಟ್ಟು ಅದರೊಳಗೆ ಚಿಪ್ಪುಜೀವಿಗಳನ್ನು ಇಟ್ಟಿರುತ್ತಾರೆ, ನಿಗದಿತ ದಿನಗಳಿಗೊಮ್ಮೆ ತೆಗೆದು ಪರೀಕ್ಷಿಸುತ್ತಾರೆ. ನಮ್ಮ ಬಳಚಿಗೆ ಹತ್ತಿರದ ಒಂದು ಜಾತಿ ಇಲ್ಲಿದೆ, ಅದು ವಿಷವನ್ನು ತಿಂಗಳುಗಟ್ಟಲೆ ಮೈಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆಯಂತೆ.

ಅಂಗಡಿಗೆ ಬರುವ ಪ್ರತಿ ಚೀಲಕ್ಕೂ ಚೀಟಿ ಕಟ್ಟಿರುತ್ತದೆ: ಯಾರು, ಯಾವ ನೀರಿನಲ್ಲಿ, ಯಾವ ದಿನ ತೆಗೆದದ್ದು. ಚೀಲ ಖಾಲಿಯಾದ ಮೇಲೂ ಹೋಟೆಲಿನವರು ಆ ಚೀಟಿಯನ್ನು 90 ದಿನ ಇಟ್ಟುಕೊಳ್ಳಬೇಕು, ಏಕೆಂದರೆ ಕಾಮಾಲೆಯಂಥ ಕಾಯಿಲೆ ವಾರಗಟ್ಟಲೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಈ ವ್ಯವಸ್ಥೆ ಸುಮ್ಮನೆ ಹುಟ್ಟಿದ್ದಲ್ಲ. 1924–25ರ ಚಳಿಗಾಲದಲ್ಲಿ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ಸಿಂಪಿ ತಿಂದ ಸುಮಾರು 1,500 ಜನರಿಗೆ ವಿಷಮಶೀತ ಜ್ವರ (ಟೈಫಾಯ್ಡ್) ಬಂದು 150 ಮಂದಿ ಸತ್ತರು. ವ್ಯಾಪಾರ ನೆಲಕಚ್ಚಿತು. 1925ರ ಫೆಬ್ರವರಿಯಲ್ಲಿ ದೇಶದ ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯಸ್ಥ, ಸರ್ಜನ್ ಜನರಲ್ ಹ್ಯೂ ಕಮಿಂಗ್ ಸಭೆ ಕರೆದರು, ವ್ಯಾಪಾರಿಗಳೂ ಬಂದು ಕುಳಿತರು, ನೀರನ್ನು ರಾಜ್ಯಗಳು ಕಾಯಬೇಕೆಂದು ತೀರ್ಮಾನವಾಯಿತು. ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. 2024ರ ಮೇ ಕೊನೆಯಲ್ಲಿ ಪಕ್ಕದ ಆರೆಗನ್ ರಾಜ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಪಾಚಿಯ ಇದೇ ವಿಷದಿಂದ ಕಾಯಿಲೆ ಬಿದ್ದರು. ಆಗ ಇಡೀ ರಾಜ್ಯದ ಕರಾವಳಿಯಲ್ಲಿ ಬಂಡೆಯ ಚಿಪ್ಪು ತೆಗೆಯುವುದನ್ನೇ ನಿಲ್ಲಿಸಿದರು.

ಉತ್ತರ: ಮಾಸೂರಿನವನು

ನನ್ನ ಅಮ್ಮ ಬಳಚು ಹೆಕ್ಕುವವಳು. ಕುಮಟಾ ತಾಲ್ಲೂಕಿನ ಮಾಸೂರು ನಮ್ಮ ಊರು. ಈ ಚರ್ಚೆಯನ್ನು ಅವಳಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಮುಚ್ಚಿದ ದಿನ ನಾವು ಏನು ತಿನ್ನಬೇಕು?"

ಸಿಯಾಟಲಿನ ಅಕ್ಕ, ನಿಮ್ಮಲ್ಲಿ ತೀರ ಮುಚ್ಚಿದರೆ ಒಂದು ಭಾನುವಾರದ ಸಂತೋಷ ಹೋಗುತ್ತದೆ. ನಮ್ಮಲ್ಲಿ ಅಂದಿನ ಅಕ್ಕಿ ಹೋಗುತ್ತದೆ. ಅಮ್ಮ ಇಳಿತ ನೋಡಿಕೊಂಡು ಬೆಳಗಿನ ಜಾವಕ್ಕೆ ನೀರಿಗಿಳಿಯುತ್ತಾಳೆ. ನಾಲ್ಕು ಗಂಟೆ ನೀರಿನಲ್ಲಿ ನಿಂತು ಬಂದ ಮೇಲೆ ಅವಳ ಬೆರಳ ತುದಿಗಳು ಬಿಳಿಚಿಕೊಂಡು, ಚಿಪ್ಪಿನ ಅಂಚು ಕೊಯ್ದ ಗೆರೆಗಳಿಂದ ತುಂಬಿರುತ್ತವೆ. ಅನ್ನ ಕಲಸುವಾಗ ಉಪ್ಪು ತಾಗಿ ಉರಿಯುತ್ತದೆಂದು ಚಮಚ ಹಿಡಿಯುತ್ತಾಳೆ. ಸುದ್ದಿಯಲ್ಲಿ "ಬಳಚು ವಿಷ" ಎಂದು ಒಂದು ಸಾಲು ಬಂದರೆ ತಿಂಗಳುಗಟ್ಟಲೆ ಯಾರೂ ಕೊಳ್ಳುವುದಿಲ್ಲ.

ಇನ್ನೊಂದು ಮಾತು. ನೀರನ್ನು ಕೆಡಿಸಿದವಳು ನನ್ನ ಅಮ್ಮನಲ್ಲ. ಮೇಲಿನ ಊರುಗಳ ಚರಂಡಿ ಎಲ್ಲಿಗೆ ಬರುತ್ತದೆ? ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು, ನಮಗೆಲ್ಲ ಹೆಮ್ಮೆಯಾಯಿತು. ಹಕ್ಕಿ ಎಣಿಸಲು ಬರುವವರನ್ನು ನಾನು ನೋಡಿದ್ದೇನೆ. ಅಮ್ಮ ನಿಂತ ಜಾಗದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದವರನ್ನು ನೋಡಿಲ್ಲ. ನಿಯಮ ಬರಲಿ, ನಾವು ಬೇಡವೆನ್ನುವುದಿಲ್ಲ. ಬಂದ ನಿಯಮ ಬುಟ್ಟಿ ಹೊತ್ತವಳನ್ನು ಮಾತ್ರ ಹಿಡಿದು ನಿಲ್ಲಿಸಿದರೆ ಅದು ನ್ಯಾಯವಲ್ಲ. ನಮ್ಮ ಊರಿನ ಕೆಲವರು ಸೇರಿ ನೀರಿನ ಪರೀಕ್ಷೆ ಕೇಳಿ ಪಂಚಾಯಿತಿಗೆ ಅರ್ಜಿ ಬರೆಯುತ್ತಿದ್ದೇವೆ.

ಉತ್ತರ: ಗಾಜಿನ ನಳಿಕೆ

ಮಾಸೂರಿನ ತಮ್ಮ, ನಿಮ್ಮ ತಾಯಿಯ ಪ್ರಶ್ನೆಗೆ ಉತ್ತರವಿಲ್ಲದ ಯಾವ ನಿಯಮವೂ ಪೂರ್ತಿಯಾದ ನಿಯಮವಲ್ಲ. ನಾನು ಮೊದಲ ಉತ್ತರದಲ್ಲಿಯೇ ಇದನ್ನು ಬರೆಯಬೇಕಿತ್ತು.

ಇಂಗ್ಲೆಂಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ. 1902ರ ನವೆಂಬರ್ 10ರಂದು ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ನಗರಗಳಲ್ಲಿ ಮೇಯರುಗಳ ಔತಣಕೂಟ ನಡೆಯಿತು. ಎರಡೂ ಕಡೆ ಬಡಿಸಿದ್ದು ಎಮ್ಸ್‌ವರ್ತ್ ಎಂಬ ಸಣ್ಣ ಬಂದರಿನ ಸಿಂಪಿ. ಉಂಡವರಿಗೆ ವಿಷಮಶೀತ ಜ್ವರ ಬಂತು, ವಿಂಚೆಸ್ಟರ್ ಪ್ರಧಾನ ಚರ್ಚಿನ ಮುಖ್ಯಸ್ಥ ವಿಲಿಯಂ ಸ್ಟೀಫನ್ಸ್ ಅದರಿಂದಲೇ ಸತ್ತರು. ಎಮ್ಸ್‌ವರ್ತ್ ಸಿಂಪಿಯ ಮಾರಾಟ ನಿಂತಿತು, ಅದನ್ನೇ ನಂಬಿದ ಊರು ಮತ್ತೆ ಮೊದಲಿನಂತೆ ಏಳಲಿಲ್ಲ. ಸಿಂಪಿಯ ಹೊಂಡಗಳ ಪಕ್ಕಕ್ಕೇ ಕೊಳಚೆಯ ಕೊಳವೆ ತಂದು ಬಿಟ್ಟದ್ದು ಅಲ್ಲಿಯ ಸ್ಥಳೀಯ ಆಡಳಿತ. ಫಾಸ್ಟರ್ ಎಂಬ ಸಿಂಪಿ ವ್ಯಾಪಾರಿ ಸುಮ್ಮನಿರಲಿಲ್ಲ. ವಾರ್ಬ್ಲಿಂಗ್ಟನ್ ಆಡಳಿತ ಮಂಡಳಿಯ ಮೇಲೆ ದಾವೆ ಹೂಡಿದ, 1906ರಲ್ಲಿ ಮೇಲಿನ ನ್ಯಾಯಾಲಯದಲ್ಲಿಯೂ ಗೆದ್ದ. ಹೊಂಡವಿದ್ದ ಜಾಗ ಅವನ ಸ್ವಂತದ್ದಲ್ಲ ಎಂಬ ತಕರಾರು ಎದ್ದಾಗಲೂ, ಕೊಳಚೆ ಬಿಟ್ಟವರು ಹೊಣೆ ಹೊರಬೇಕೆಂದೇ ತೀರ್ಪು ಬಂತು. ಆ ತೀರ್ಪನ್ನು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ.

ನಮ್ಮಲ್ಲಿಯೂ ಹಿಡಿದುಕೊಳ್ಳಲು ಆಧಾರಗಳಿವೆ. 1974ರ ಜಲಮಾಲಿನ್ಯ ತಡೆ ಕಾಯ್ದೆಯ 24ನೇ ಕಲಂ ಹೊಳೆಗೆ ಹೊಲಸು ಬಿಡುವುದನ್ನು ನಿಷೇಧಿಸುತ್ತದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದಕ್ಕೆ ಉತ್ತರ ಕೊಡಬೇಕು. ಕರಾವಳಿಯ ನೀರಿಗೆ ಕೇಂದ್ರದವರು ಮಾಡಿದ ವರ್ಗೀಕರಣದಲ್ಲಿ ಮೊಟ್ಟಮೊದಲ ವರ್ಗ ಎಸ್‌ಡಬ್ಲ್ಯು-1. ಉಪ್ಪಿನಾಗರ, ಚಿಪ್ಪುಮೀನುಗಾರಿಕೆ ನಡೆಯುವ ನೀರು ಬರುವುದು ಅದರಲ್ಲಿ. ನಿಮ್ಮ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ನಮ್ಮ ಅಳಿವೆ ಯಾವ ವರ್ಗದಲ್ಲಿದೆ, ಕೊನೆಯ ಸಲ ಮಾದರಿ ತೆಗೆದದ್ದು ಯಾವ ದಿನ, ಯಾವ ಜಾಗದಲ್ಲಿ? ಲಿಖಿತ ಉತ್ತರ ಕೇಳಿ.

ಹೆಕ್ಕುವವರನ್ನು ಹೊರಗಿಟ್ಟು ಮಾಡಿದ ನಿಯಮ ನಡೆಯುವುದೂ ಇಲ್ಲ. ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಮೀನುಗಾರರು, ವಿಜ್ಞಾನಿಗಳು, ಅಧಿಕಾರಿಗಳು ಒಟ್ಟಿಗೆ ಕುಳಿತು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೆಕ್ಕುವುದಿಲ್ಲ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದಿರುವುದಿಲ್ಲ ಎಂದು ಕಟ್ಟುಪಾಡು ಮಾಡಿಕೊಂಡರು. 2014ರಲ್ಲಿ ಆ ಮರುವಾಯಿ ಕಸುಬಿಗೆ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿಯೇ ಮೊದಲನೆಯದು. ಅದು ಸಂತತಿ ಉಳಿಸಲು ಮಾಡಿದ ಕಟ್ಟುಪಾಡು, ರೋಗದ ಮಾತಲ್ಲ. ಆದರೂ ನೀರಿಗಿಳಿಯುವವರೇ ಸೇರಿ ಮಾಡಿದ್ದರಿಂದ ಗಟ್ಟಿಯಾಗಿ ಉಳಿಯಿತು. ನೀರು ಕೆಟ್ಟು ಮುಚ್ಚಬೇಕಾದ ವಾರಗಳಿಗೆ, ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಕೊಡುವಂತೆ ಪರಿಹಾರ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಮುಚ್ಚಿದ ವಾರ ಕೈಗೆ ಹಣ ಬರುವಂತಿದ್ದರೆ ನಿಮ್ಮ ತಾಯಿಯೇ ಎಲ್ಲರಿಗಿಂತ ಮೊದಲು "ನೀರಿನ ಬಣ್ಣ ಬದಲಾಗಿದೆ" ಎಂದು ಹೇಳುತ್ತಾರೆ. ಅವರಷ್ಟು ಹತ್ತಿರದಿಂದ ಆ ನೀರನ್ನು ನೋಡುವವರು ಯಾವ ಇಲಾಖೆಯಲ್ಲಿಯೂ ಇಲ್ಲ.

ಉತ್ತರ: ತರೀಕೆರೆಯ ಮಗಳು

ಎಲ್ಲರಿಗೂ ಕೈಮುಗಿಯುತ್ತೇನೆ. ಮಗ ಶಾಲೆಗೆ ಹೋಗುತ್ತಿದ್ದಾನೆ, ಮಾವನಿಗೆ ಇನ್ನೂ ಸ್ವಲ್ಪ ನಿಶ್ಶಕ್ತಿಯಿದೆ.

ಅಂಕಿತಾಧಿಕಾರಿಗೆ ಪತ್ರ ಬರೆದು ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿಕೊಂಡು ಅವರ ವಿಷಯವನ್ನೂ ಸೇರಿಸಿದೆ. ಮಾರಿದವರ ಹೆಸರು ಬರೆಯಲಿಲ್ಲ, ಜಾಗ ಬರೆದೆ.

ಜಾಗ ತಿಳಿದದ್ದು ಆ ಅಕ್ಕನಿಂದಲೇ. ಶುಕ್ರವಾರ ಮೀನು ತಂದಾಗ ಜಗಲಿಯಲ್ಲಿ ಕೂರಿಸಿ, ನೀರು ಕೊಟ್ಟು, ಆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಥವಾ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು ಮಗನನ್ನು. ಆಮೇಲೆ ತಾವಾಗಿಯೇ ಹೇಳಿದರು: ಮೊದಲು ಹೆಕ್ಕುತ್ತಿದ್ದ ದಿಬ್ಬದಲ್ಲಿ ಎರಡು ವರ್ಷದಿಂದ ಮರುವಾಯಿ ಸಿಗುತ್ತಿಲ್ಲ, ಈ ವರ್ಷ ತೋಡು ಬಂದು ಸೇರುವ ಕಡೆ ಹೆಕ್ಕುತ್ತಿದ್ದೇವೆ, ಮಳೆ ಬಂದ ಮರುದಿನ ಅಲ್ಲಿ ನಿಂತರೆ ಕಾಲು ತುರಿಸುತ್ತದೆ. ಆ ತೋಡಿಗೆ ಯಾವ ಯಾವ ಕಟ್ಟಡದ ನೀರು ಬರುತ್ತದೆ ಎಂದು ಒಂದೊಂದಾಗಿ ಎಣಿಸಿದರು. ನಾನು ಮಗನ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡೆ.

ಅದನ್ನೇ ಇಟ್ಟುಕೊಂಡು ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಸಿದ್ಧ ಮಾಡಿದ್ದೇವೆ. ಮೊದಲ ಸಹಿ ಅತ್ತೆಯದು. ಎರಡನೆಯದು ಆ ಅಕ್ಕನದು. ಬುಟ್ಟಿ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಿಧಾನವಾಗಿ ಪೂರ್ತಿ ಹೆಸರು ಬರೆದರು. ಇಂದಿಗೆ ಹನ್ನೊಂದು ಸಹಿಗಳಾಗಿವೆ. ಸೋಮವಾರ ಕೊಡುತ್ತೇವೆ.

ಮಾಸೂರಿನ ತಮ್ಮ, ನಿಮ್ಮ ಊರಿನ ಅರ್ಜಿಯ ಪ್ರತಿ ಇದ್ದರೆ ಇಲ್ಲಿ ಹಾಕಿ. ಪರಿಹಾರದ ವಿಷಯ ನೀವು ಹೇಗೆ ಬರೆದಿದ್ದೀರಿ ಎಂದು ನೋಡಬೇಕು, ನಮ್ಮದರಲ್ಲಿ ಆ ಭಾಗ ಇನ್ನೂ ಸರಿಯಾಗಿ ಬಂದಿಲ್ಲ.